ಒಂದು ಮರುಪ್ರಶ್ನೆಗೆ ಒಂದು ದಿನ: ಬೆಂಗಳೂರು, ಬರ್ಲಿನ್, ಸಿಯಾಟಲ್ ತಂಡಕ್ಕೆ ಎಂಥ ಟೂಲ್ ಬೇಕು?

ಪ್ರಶ್ನೆ: ನಮ್ಮದು 34 ಜನರ ಸಾಫ್ಟ್‌ವೇರ್ ತಂಡ. ಬೆಂಗಳೂರಿನಲ್ಲಿ 18, ಬರ್ಲಿನ್‌ನಲ್ಲಿ 9, ಸಿಯಾಟಲ್‌ನಲ್ಲಿ 7 ಮಂದಿ ಇದ್ದೇವೆ. ಚಾಟ್, ಕೆಲಸದ ಟಿಕೆಟ್, ಕೋಡ್ ಇಡುವ ಗಿಟ್ ಎಲ್ಲ ಇದ್ದರೂ ಅರ್ಧ ದಿನದ ಕೆಲಸ ಒಂದು ವಾರ ಎಳೆಯುತ್ತದೆ. ಮಾರ್ಚ್ ಬಂತೆಂದರೆ ಮೀಟಿಂಗ್ ವೇಳೆಗಳೆಲ್ಲ ಏರುಪೇರಾಗುತ್ತವೆ. ನಮಗಾಗಿಯೇ ಒಂದು ಟೂಲ್ ಕಟ್ಟಿಕೊಳ್ಳಲು ಇಬ್ಬರು ಎಂಜಿನಿಯರ್‌ಗಳನ್ನು ಮೂರು ತಿಂಗಳಿಗೆ ಕೊಟ್ಟಿದ್ದಾರೆ. ಎಲ್ಲಿಂದ ಶುರು ಮಾಡಬೇಕು? ಮೂರೂ ಊರು ಸೇರಿ 24 ಗಂಟೆಯೂ ಕೆಲಸ ಸಾಗಿಸುವುದು ನಿಜಕ್ಕೂ ಸಾಧ್ಯವೇ?
ಬೆಂಗಳೂರಿನ ಟೆಕ್ ಲೀಡ್ ಒಬ್ಬರು

ಉತ್ತರ: ಇನ್ನೊಂದು ಚಾಟ್ ಕಟ್ಟಬೇಡಿ, ಇನ್ನೊಂದು ಟಿಕೆಟ್ ಬೋರ್ಡನ್ನೂ ಕಟ್ಟಬೇಡಿ. ಮಾತಾಡಲು ಜಾಗ ನಿಮಗೆ ಬೇಕಾದಷ್ಟಿದೆ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ ಎಂಬುದು ಮಾತ್ರ ಎಲ್ಲೂ ಕಣ್ಣಿಗೆ ಬೀಳುತ್ತಿಲ್ಲ. ನಿಮ್ಮ ಮೂರು ತಿಂಗಳನ್ನು ಆ ಒಂದರ ಮೇಲೆ ಹಾಕಿ.

ಕಾಯುವುದರ ಲೆಕ್ಕ ನೋಡಿ. ಚಳಿಗಾಲದಲ್ಲಿ ಸಿಯಾಟಲ್ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಬೆಂಗಳೂರಿನಿಂದ ಸಂಜೆ 6ಕ್ಕೆ ಹಾಕಿದ ಪ್ರಶ್ನೆಯನ್ನು ಅಲ್ಲಿಯವರು ನೋಡುವುದು ಅವರ ಬೆಳಗಿನ 9ಕ್ಕೆ, ಅಂದರೆ ನಮ್ಮ ರಾತ್ರಿ 10.30ಕ್ಕೆ. ಹತ್ತೇ ನಿಮಿಷದಲ್ಲಿ ಉತ್ತರ ಕೊಟ್ಟರೂ ನೀವು ಅದನ್ನು ಓದುವುದು ಮರುದಿನ ಬೆಳಿಗ್ಗೆ. ಅವರು ಉತ್ತರದ ಬದಲು ‘ಇದು ಯಾವ ಎನ್ವಿರಾನ್‌ಮೆಂಟ್‌ನಲ್ಲಿ?’ ಎಂದು ಮರುಪ್ರಶ್ನೆ ಹಾಕಿದರೆ ಇನ್ನೊಂದು ದಿನ ಹೋಯಿತು. ಮೂರು ಸಲ ಹೋಗಿಬಂದರೆ ಮೂರು ದಿನ. ವಾರದ ಅಂಚಿನಲ್ಲಿ ಇದು ಇನ್ನೂ ಬಿಗಿಯಾಗುತ್ತದೆ. ನಮ್ಮ ಸೋಮವಾರದ ಹಗಲು ಅವರಿಗೆ ಭಾನುವಾರದ ರಾತ್ರಿ. ಅವರ ಶುಕ್ರವಾರವೆಲ್ಲ ನಮಗೆ ಶುಕ್ರವಾರ ರಾತ್ರಿ ಮತ್ತು ಶನಿವಾರ ಬೆಳಗಿನ ಜಾವ. ಸಂಜೆ ಕೇಳಿ ಮರುದಿನ ಬೆಳಿಗ್ಗೆ ಉತ್ತರ ಪಡೆಯುವ ಅವಕಾಶ ವಾರಕ್ಕೆ ನಾಲ್ಕೇ ಸಲ: ಸೋಮ, ಮಂಗಳ, ಬುಧ, ಗುರು. ಶುಕ್ರವಾರ ಸಂಜೆ ಕೇಳಿದ್ದಕ್ಕೆ ಸೋಮವಾರ ಉತ್ತರ.

ಸಾಫ್ಟ್‌ವೇರ್ ಸಂಶೋಧಕರಾದ ಜೇಮ್ಸ್ ಹರ್ಬ್ಸ್‌ಲೆಬ್ ಮತ್ತು ಆಡ್ರಿಸ್ ಮೋಕಸ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಊರಿನವರು ಸೇರಿ ಮಾಡಿದ ಕೆಲಸ ಒಂದೇ ಊರಿನೊಳಗೆ ಮುಗಿದ ಅಂಥದ್ದೇ ಕೆಲಸಕ್ಕಿಂತ ಸುಮಾರು ಎರಡೂವರೆ ಪಟ್ಟು ಸಮಯ ತೆಗೆದುಕೊಂಡಿತ್ತು. ಊರು ಹೆಚ್ಚಿದಾಗ ಆ ಕೆಲಸಕ್ಕೆ ಕೈಹಾಕುವ ಜನರೂ ಹೆಚ್ಚುತ್ತಾರೆ, ವಿಳಂಬ ಅದರ ಜೊತೆಗೇ ಬರುತ್ತದೆ ಎಂಬುದೂ ಅದರಲ್ಲಿ ಕಂಡಿತ್ತು. ಆದ್ದರಿಂದ ಟೂಲ್ ಮಾಡಬೇಕಾದ್ದು ಎರಡೇ: ಹೋಗಿಬರುವ ಸುತ್ತುಗಳನ್ನು ಕಡಿಮೆ ಮಾಡುವುದು, ಒಂದು ಕೆಲಸಕ್ಕೆ ಅಗತ್ಯವಿರುವ ಜನರನ್ನು ಕಡಿಮೆ ಮಾಡುವುದು.

24 ಗಂಟೆಯ ಪ್ರಶ್ನೆಗೆ ಈಗಲೇ ಉತ್ತರಿಸುತ್ತೇನೆ. ಚಳಿಗಾಲದ ಒಂದು ದಿನವನ್ನು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತು ಗಡಿಯಾರ ತಾಳೆ ನೋಡುವ ಪ್ರಮಾಣ ವೇಳೆಯಲ್ಲಿ, ಹರಡಿ ನೋಡಿ. ಬೆಂಗಳೂರಿನ 9.30ರಿಂದ 6.30 ಎಂದರೆ ಯುಟಿಸಿ 4ರಿಂದ 13. ಬರ್ಲಿನ್‌ನ 9ರಿಂದ 6 ಎಂದರೆ 8ರಿಂದ 17. ಸಿಯಾಟಲ್‌ನ 9ರಿಂದ 6 ಎಂದರೆ 17ರಿಂದ ಮರುದಿನದ 2. ಬೆಂಗಳೂರಿಗೂ ಬರ್ಲಿನ್‌ಗೂ ಐದು ಗಂಟೆ ಜೊತೆಗೂಡುತ್ತದೆ, ಬೇಸಿಗೆಯಲ್ಲಿ ಆರು. ಬರ್ಲಿನ್ ಬಾಗಿಲು ಹಾಕುವ ಗಳಿಗೆಗೇ ಸಿಯಾಟಲ್ ಬಾಗಿಲು ತೆರೆಯುವುದರಿಂದ ಅಲ್ಲಿ ಜೊತೆಗೂಡುವ ಸಮಯ ಸೊನ್ನೆ. ಸಿಯಾಟಲ್ ಮುಗಿಸಿ ಬೆಂಗಳೂರು ಶುರುವಾಗುವ ಮುನ್ನ ಎರಡು ಗಂಟೆ ಖಾಲಿ. ಇಂಥ ಸರಪಳಿಯಲ್ಲಿ ಸಾಗುವುದು ಬಿಡಿ ಬಿಡಿಯಾಗಿ ಬರೆದಿಡಬಹುದಾದ ಕೆಲಸ ಮಾತ್ರ: ಪ್ರೊಡಕ್ಷನ್ (ಬಳಕೆದಾರರ ಮುಂದಿರುವ ವ್ಯವಸ್ಥೆ) ತೊಂದರೆ, ರಿಲೀಸ್ ಕಾವಲು, ಬಗ್ ವಿಂಗಡಣೆ, ಟೆಸ್ಟ್ ಮಾಡಿ ಸರಿಪಡಿಸುವ ಸುತ್ತು. ಹೊಸ ಫೀಚರ್‌ನ ವಿನ್ಯಾಸವನ್ನೋ ಇರುವ ಕೋಡನ್ನು ಒಳಗಿಂದ ಮರುಜೋಡಿಸುವ ದೊಡ್ಡ ರಿಫ್ಯಾಕ್ಟರಿಂಗನ್ನೋ ದಿನಕ್ಕೆ ಮೂರು ಕೈ ಬದಲಾಯಿಸಿದರೆ ಪ್ರತಿ ಕೈಯೂ ಮೊದಲ ಒಂದೆರಡು ಗಂಟೆಯನ್ನು ಹಿಂದಿನವರ ತಲೆಯೊಳಗೆ ಏನಿತ್ತೆಂದು ಹುಡುಕುವುದರಲ್ಲೇ ಕಳೆಯುತ್ತದೆ. ಅಂಥ ಕೆಲಸ ಒಂದೇ ಊರಿನಲ್ಲಿರಲಿ.

ಮೊದಲು ಕಟ್ಟಬೇಕಾದ್ದು: ಕಾಯುವ ಪಟ್ಟಿ

ಒಂದು ಟೇಬಲ್ ಸಾಕು. ಪ್ರತಿ ಸಾಲಿನಲ್ಲಿ ಕೇಳಿದವರು, ಉತ್ತರಿಸಬೇಕಾದವರು, ಪ್ರಶ್ನೆ, ಸಂಬಂಧಪಟ್ಟ ಟಿಕೆಟ್ ಅಥವಾ ಕೋಡ್ ಕೊಂಡಿ, ಯಾವಾಗೊಳಗೆ ಬೇಕು, ಉತ್ತರ ಬಾರದಿದ್ದರೆ ಏನು ಮಾಡುತ್ತೇನೆ, ಎಷ್ಟನೇ ಸುತ್ತು, ಸ್ಥಿತಿ.

ಇದರಲ್ಲಿ ಎರಡು ಕಾಲಂಗಳ ವಿಷಯದಲ್ಲಿ ಸಡಿಲ ಬಿಡಬೇಡಿ. ‘ಉತ್ತರಿಸಬೇಕಾದವರು’ ಒಬ್ಬರೇ ವ್ಯಕ್ತಿಯಾಗಿರಬೇಕು. ಗುಂಪಿನ ಹೆಸರು ಹಾಕಲು ಬಿಟ್ಟರೆ ಏಳು ಜನ ಓದಿ ಏಳು ಜನವೂ ‘ಬೇರೆಯವರು ನೋಡುತ್ತಾರೆ’ ಎಂದುಕೊಳ್ಳುತ್ತಾರೆ. ಯಾರೆಂದು ಗೊತ್ತಿಲ್ಲದಿದ್ದರೆ ಆ ವಾರದ ಸರದಿಯವರ ಹೆಸರನ್ನು ಟೂಲೇ ತುಂಬಲಿ. ‘ಉತ್ತರ ಬಾರದಿದ್ದರೆ’ ಎಂಬುದೂ ಖಾಲಿ ಇರಬಾರದು. ‘ಗುರುವಾರ ಬೆಳಿಗ್ಗೆವರೆಗೆ ಆಕ್ಷೇಪ ಬಾರದಿದ್ದರೆ ಹಳೆಯ ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಉಳಿಸಿಕೊಂಡೇ ಮುಂದುವರಿಯುತ್ತೇನೆ’ ಎಂದು ಬರೆಯುವುದಕ್ಕೆ ಕೇಳುವವರು ಸ್ವಲ್ಪ ಯೋಚಿಸಬೇಕಾಗುತ್ತದೆ. ಹಾಗೆ ಯೋಚಿಸುವಾಗಲೇ ಎಷ್ಟೋ ಪ್ರಶ್ನೆಗಳಿಗೆ ಉತ್ತರ ತಮ್ಮ ಊರಿನಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಪ್ರಶ್ನೆಗಳೂ ‘ಏನು ಮಾಡಲಿ?’ ಎಂಬಲ್ಲಿಂದ ‘ಹೀಗೆ ಮಾಡಲೇ?’ ಎಂಬಲ್ಲಿಗೆ ಬರುತ್ತವೆ, ಒಂದು ಸುತ್ತು ಅಲ್ಲೇ ಉಳಿತಾಯವಾಗುತ್ತದೆ.

ಪ್ರಶ್ನೆ ಹಾಕುವ ಪುಟದಲ್ಲಿ ಎದುರಿನವರ ಸ್ಥಳೀಯ ವೇಳೆಯೂ, ನಿಮಗೆ ಉತ್ತರ ಬರಬಹುದಾದ ಅತಿ ಬೇಗದ ವೇಳೆಯೂ ಕಾಣಲಿ: ‘ಸಿಯಾಟಲ್‌ನಲ್ಲಿ ಈಗ ಬೆಳಗಿನ ಜಾವ 4.30. ಇದನ್ನು ನಾಲ್ಕೂವರೆ ಗಂಟೆಯ ನಂತರ ನೋಡುತ್ತಾರೆ. ನೀವು ಉತ್ತರ ಓದುವುದು ನಾಳೆ 9.30ಕ್ಕೆ.’ ಲಾಗ್, ವರ್ಷನ್, ಎನ್ವಿರಾನ್‌ಮೆಂಟ್, ಈಗಾಗಲೇ ಪ್ರಯತ್ನಿಸಿದ್ದು ಎಂಬ ನಾಲ್ಕು ಚೌಕಗಳನ್ನು ಅದರ ಕೆಳಗೇ ಇಡಿ. ಉತ್ತರಕ್ಕೆ ನಾಳೆಯವರೆಗೆ ಕಾಯಬೇಕೆಂದು ಕಣ್ಣಾರೆ ಕಂಡವರು ಆ ಚೌಕಗಳನ್ನು ತುಂಬುತ್ತಾರೆ.

ಇದನ್ನೆಲ್ಲ ಹೊಸ ಆ್ಯಪ್ ಆಗಿ ಕೊಡಬೇಡಿ. ಈಗಿರುವ ಚಾಟ್‌ನೊಳಗೆ ಬಾಟ್ ಆಗಿ, ಜೊತೆಗೆ ಒಂದೇ ಒಂದು ವೆಬ್ ಪುಟವಾಗಿ ಕೊಡಿ. ಯಾವುದೇ ಸಂದೇಶವನ್ನು ಎರಡು ಕ್ಲಿಕ್‌ನಲ್ಲಿ ಕಾಯುವ ಪಟ್ಟಿಗೆ ಸೇರಿಸುವಂತಿರಬೇಕು. ಮೂರನೇ ಕ್ಲಿಕ್ ಬೇಕಾದರೆ ಜನ ಬಿಟ್ಟುಬಿಡುತ್ತಾರೆ.

ಗಡಿಯಾರ: ಮಾರ್ಚ್‌ನಲ್ಲಿ ಏನಾಗುತ್ತಿದೆ

ಬೇಸಿಗೆಯ ಹಗಲನ್ನು ಬಳಸಿಕೊಳ್ಳಲು ಅಮೆರಿಕ, ಯುರೋಪ್‌ಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಸರಿಸುತ್ತಾರೆ. ಅಮೆರಿಕದಲ್ಲಿ ಅದು ಮುಂದೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಹಿಂದೆ ಬರುವುದು ನವೆಂಬರ್‌ನ ಮೊದಲ ಭಾನುವಾರ. ಐರೋಪ್ಯ ಒಕ್ಕೂಟದಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳು. ಭಾರತದಲ್ಲಿ ಬದಲಾವಣೆಯೇ ಇಲ್ಲ. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು 29, ನಡುವೆ ಮೂರು ವಾರ. 2027ರಲ್ಲಿ ಮಾರ್ಚ್ 14 ಮತ್ತು 28, ನಡುವೆ ಎರಡೇ ವಾರ. ಶರತ್ಕಾಲದ ಅಂತರ ಯಾವಾಗಲೂ ಒಂದು ವಾರ.

ಸಿಯಾಟಲ್‌ನವರು ಬೆಳಗಿನ 8ಕ್ಕೆ ವಾರಕ್ಕೊಮ್ಮೆಯ ಮೀಟಿಂಗ್ ಇಟ್ಟಿದ್ದಾರೆ ಎನ್ನೋಣ. ಚಳಿಗಾಲದಲ್ಲಿ ಅದು ಬರ್ಲಿನ್‌ನಲ್ಲಿ ಸಂಜೆ 5, ಬೆಂಗಳೂರಿನಲ್ಲಿ ರಾತ್ರಿ 9.30. ಮಾರ್ಚ್ 8ರ ನಂತರ ಬರ್ಲಿನ್‌ಗೆ 4, ಬೆಂಗಳೂರಿಗೆ 8.30. ಮಾರ್ಚ್ 29ರ ನಂತರ ಬರ್ಲಿನ್‌ಗೆ ಮತ್ತೆ 5, ಬೆಂಗಳೂರಿಗೆ 8.30ರಲ್ಲೇ ಉಳಿಯುತ್ತದೆ. ಲೆಕ್ಕಕ್ಕೆ ಇದು ಸರಿಯೇ. ಆದರೆ ಬೆಂಗಳೂರಿನವರೊಬ್ಬರು ಅದನ್ನು ತಮ್ಮ ಕ್ಯಾಲೆಂಡರಿನಲ್ಲಿ 9.30ಕ್ಕೆ ಪ್ರತ್ಯೇಕವಾಗಿ ಬರೆದುಕೊಂಡಿದ್ದರೆ, ಅಥವಾ ನಿಮ್ಮ ಟೂಲ್ ಆ ಮೀಟಿಂಗನ್ನು ‘ಯುಟಿಸಿ 16.00’ ಎಂದು ಉಳಿಸಿಟ್ಟಿದ್ದರೆ ಎಲ್ಲರೂ ಬೇರೆ ಬೇರೆ ವೇಳೆಗೆ ಬಂದು ಕೂರುತ್ತಾರೆ.

‘ಎಲ್ಲವನ್ನೂ ಯುಟಿಸಿಯಲ್ಲಿ ಉಳಿಸಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಆಗಿಹೋದ ಘಟನೆಗೆ, ಅಂದರೆ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ), ಸಂದೇಶ, ಲಾಗ್ ಇವಕ್ಕೆ ಯುಟಿಸಿ. ಮುಂದೆ ಆಗಬೇಕಾದ್ದಕ್ಕೆ ಸ್ಥಳೀಯ ಗಡಿಯಾರದ ವೇಳೆ, ಐಎಎನ್‌ಎ ಟೈಮ್‌ಝೋನ್ ಹೆಸರು (ಜಗತ್ತಿನ ಝೋನ್‌ಗಳ ಪಟ್ಟಿಯಲ್ಲಿರುವ ಏಷ್ಯಾ/ಕೋಲ್ಕತಾದಂಥ ಹೆಸರು), ಮರುಕಳಿಕೆಯ ನಿಯಮ ಈ ಮೂರನ್ನೂ ಬೇರೆ ಬೇರೆ ಕಾಲಂಗಳಲ್ಲಿಡಿ. ಯುಟಿಸಿ ವೇಳೆಯನ್ನು ಆಮೇಲೆ ಲೆಕ್ಕ ಹಾಕಿ ತೋರಿಸಿದರಾಯಿತು. ಪ್ರತಿ ಮೀಟಿಂಗ್‌ಗೂ ‘ಯಾವ ಊರಿನ ಗಡಿಯಾರಕ್ಕೆ ಕಟ್ಟಿದ್ದು’ ಎಂಬುದು ಪರದೆಯ ಮೇಲೆ ಕಾಣಬೇಕು, ಬದಲಾಗುವ ಏಳು ದಿನ ಮೊದಲೇ ‘ಮುಂದಿನ ವಾರದಿಂದ ಈ ಮೀಟಿಂಗ್ ನಿಮಗೆ ಒಂದು ಗಂಟೆ ಮುಂಚೆ’ ಎಂಬ ಸೂಚನೆ ಹೋಗಬೇಕು.

ಈ ಜಾಗದಲ್ಲಿ ಜನ ಪದೇ ಪದೇ ಬೀಳುವ ಗುಂಡಿಗಳು ಕೆಲವಿವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ‘ಟೈಮ್‌ಸ್ಟ್ಯಾಂಪ್ ವಿತ್ ಟೈಮ್‌ಝೋನ್’ ಎಂಬ ಬಗೆ ಹೆಸರಿಗೆ ತಕ್ಕಂತೆ ಝೋನನ್ನು ಉಳಿಸುವುದಿಲ್ಲ. ಕೊಟ್ಟದ್ದನ್ನು ಯುಟಿಸಿಗೆ ತಿರುಗಿಸಿ, ಝೋನ್ ಹೆಸರನ್ನು ಬಿಸಾಡುತ್ತದೆ. ಹಾಗಾಗಿ ಅದಕ್ಕೊಂದು ಪಠ್ಯ ಕಾಲಂ ಬೇಕೇ ಬೇಕು. ಭಾರತದ ಝೋನ್‌ಗೆ ಏಷ್ಯಾ/ಕೋಲ್ಕತಾ ಎಂಬ ಹೆಸರೂ, ಏಷ್ಯಾ/ಕಲ್ಕಟಾ ಎಂಬ ಹಳೆಯ ಹೆಸರೂ ಚಾಲ್ತಿಯಲ್ಲಿವೆ. ಕೆಲವು ಬ್ರೌಸರ್‌ಗಳು ಹಳೆಯದನ್ನೇ ಹೇಳುತ್ತವೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡ್ ಬರೆದರೆ ಒಂದೇ ಕೋಣೆಯಲ್ಲಿ ಕೂತ ಇಬ್ಬರು ಎರಡು ಝೋನಿನವರಾಗಿ ಕಾಣುತ್ತಾರೆ. ಜಾವಾ ಪ್ರೋಗ್ರಾಂಗಳನ್ನು ಓಡಿಸುವ ಜಾವಾ ವರ್ಚುವಲ್ ಮಷೀನ್ ತನ್ನದೇ ಝೋನ್ ಮಾಹಿತಿಯನ್ನು ಹೊತ್ತು ತಿರುಗುತ್ತದೆ, ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಅದು ಬದಲಾಗುವುದಿಲ್ಲ. ಸಿಯಾಟಲ್‌ನಲ್ಲಿ 2026ರ ಮಾರ್ಚ್ 8ರಂದು ಬೆಳಗಿನ ಜಾವ 2.30 ಎಂಬ ವೇಳೆಯೇ ಇರುವುದಿಲ್ಲ, ನವೆಂಬರ್ 1ರಂದು 1.30 ಎರಡು ಸಲ ಬರುತ್ತದೆ. ಸ್ಥಳೀಯ ವೇಳೆಗೆ ಕಟ್ಟಿದ, ರಾತ್ರಿ ಸರ್ವರ್‌ನಲ್ಲಿ ತಾನಾಗಿ ಓಡುವ ಕೆಲಸಗಳು ಒಂದು ದಿನ ತಪ್ಪಿ, ಇನ್ನೊಂದು ದಿನ ಎರಡು ಸಲ ಓಡಬಹುದು. ಅವನ್ನು ಯುಟಿಸಿಯಲ್ಲಿ ಓಡಿಸಿ, ‘ವ್ಯಕ್ತಿ ಮತ್ತು ದಿನಾಂಕ’ ಎಂಬ ಕೀಲಿಯಿಂದ ಎರಡನೆಯದನ್ನು ತಡೆಯಿರಿ.

ಪರದೆಯ ಮೇಲೆ ‘ಐಎಸ್‌ಟಿ’ ಎಂದು ಬರೆಯಬೇಡಿ. ಐರ್ಲೆಂಡ್, ಇಸ್ರೇಲ್‌ಗಳೂ ಅದೇ ಮೂರಕ್ಷರ ಬಳಸುತ್ತವೆ. ‘ಬೆಂಗಳೂರು ವೇಳೆ’ ಎಂದರೆ ಯಾರಿಗೂ ಗೊಂದಲವಿಲ್ಲ. 03/04/2026 ಎಂಬುದು ನಮಗೆ ಏಪ್ರಿಲ್ 3, ಸಿಯಾಟಲ್‌ಗೆ ಮಾರ್ಚ್ 4. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. ‘ಇಂದು ದಿನದ ಕೊನೆಯೊಳಗೆ’ ಎಂಬ ಗಡುವನ್ನು ಟೂಲ್ ಸ್ವೀಕರಿಸಲೇಬಾರದು. ಯಾರ ದಿನದ ಕೊನೆ?

ರಜೆಯ ಪಟ್ಟಿ ದೇಶಕ್ಕೊಂದಲ್ಲ, ಊರಿಗೊಂದು. ನವೆಂಬರ್ 1 ಬೆಂಗಳೂರಿನಲ್ಲಿ ರಾಜ್ಯೋತ್ಸವದ ರಜೆ, ಪುಣೆಯಲ್ಲಿ ಅಲ್ಲ. ಅದೇ ದಿನ ಮ್ಯೂನಿಕ್‌ನಲ್ಲಿ ಸಂತರ ಹಬ್ಬದ ರಜೆ, ಬರ್ಲಿನ್‌ನಲ್ಲಿ ಅಲ್ಲ. ಬರ್ಲಿನ್‌ನಲ್ಲಿ ಮಾರ್ಚ್ 8ರ ಮಹಿಳಾ ದಿನಕ್ಕೆ 2019ರಿಂದ ರಜೆಯಿದೆ, ಮ್ಯೂನಿಕ್‌ನಲ್ಲಿಲ್ಲ. ಪ್ರೊಫೈಲ್ ಪುಟ ಮಾಡುವಾಗಲೇ ಇನ್ನೊಂದು ಸಣ್ಣ ಕೆಲಸ: ‘ಕುಟುಂಬದ ಹೆಸರು’ ಎಂಬ ಕಡ್ಡಾಯ ಚೌಕ ತೆಗೆಯಿರಿ. ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುವವರು ನಮ್ಮಲ್ಲಿ ಬಹಳ. ಪೂರ್ಣ ಹೆಸರು, ಕರೆಯುವ ಹೆಸರು ಎಂಬ ಎರಡು ಚೌಕ ಸಾಕು. ಕನ್ನಡದಲ್ಲಿ ಬರೆದ ಹೆಸರಿನ ಮೊದಲ ಅಕ್ಷರವನ್ನು ಫೋಟೊ ಜಾಗದಲ್ಲಿ ತೋರಿಸುವುದಾದರೆ ‘ಶ್ರೀ’ ಎಂಬುದು ಯೂನಿಕೋಡ್‌ನಲ್ಲಿ ನಾಲ್ಕು ಕೋಡ್ ಪಾಯಿಂಟ್, ಅಂದರೆ ನಾಲ್ಕು ಬಿಡಿ ಸಂಕೇತ, ಎಂಬುದು ನೆನಪಿರಲಿ. ಒಂದನ್ನೇ ಕತ್ತರಿಸಿದರೆ ಬರೀ ‘ಶ’ ಉಳಿಯುತ್ತದೆ.

ನೋಟಿಫಿಕೇಶನ್

‘ಅರ್ಜೆಂಟ್’ ಎಂಬ ಗುಂಡಿಯನ್ನು ಇಡಬೇಡಿ, ಇಟ್ಟರೆ ತಿಂಗಳೊಳಗೆ ಎಲ್ಲವೂ ಅರ್ಜೆಂಟ್ ಆಗುತ್ತದೆ. ಕಳಿಸುವವರು ‘ಯಾವಾಗೊಳಗೆ ಬೇಕು’ ಎಂದಷ್ಟೇ ಹೇಳಲಿ, ಯಾವಾಗ ಸದ್ದು ಮಾಡಬೇಕೆಂಬುದನ್ನು ಟೂಲ್ ನಿರ್ಧರಿಸಲಿ. ಪಡೆಯುವವರ ಕೆಲಸದ ವೇಳೆಯಲ್ಲಿದ್ದರೆ ಕೂಡಲೇ. ಇಲ್ಲದಿದ್ದರೆ ಅವರ ದಿನ ಶುರುವಾಗುವ 15 ನಿಮಿಷ ಮೊದಲು ಹೋಗುವ ಬೆಳಗಿನ ಪಟ್ಟಿಯೊಳಗೆ. ರಾತ್ರಿ ಎಬ್ಬಿಸುವ ದಾರಿ ಪ್ರೊಡಕ್ಷನ್ ನಿಂತಾಗ ಮಾತ್ರ ತೆರೆದಿರಲಿ, ಅದೂ ಆ ವಾರದ ಆನ್‌ಕಾಲ್ ಸರದಿಯವರಿಗೆ ಮಾತ್ರ.

ಬೆಳಗಿನ ಪಟ್ಟಿಯ ಕ್ರಮ ಮುಖ್ಯ. ಮೊದಲು ನಿಮಗಾಗಿ ಕಾಯುತ್ತಿರುವವರು, ಹೆಚ್ಚು ಕಾದವರು ಮೇಲೆ. ಆಮೇಲೆ ನೀವು ಕೇಳಿದ್ದಕ್ಕೆ ಬಂದ ಉತ್ತರಗಳು. ಆಮೇಲೆ ರಾತ್ರಿ ಆದ ತೀರ್ಮಾನಗಳು. ಒಟ್ಟು ಏಳು ಸಾಲು ಮೀರದಿರಲಿ. ಉಳಿದದ್ದು ‘ಇನ್ನೂ 12’ ಎಂಬ ಕೊಂಡಿಯ ಹಿಂದೆ ಇರಲಿ. ಇಡೀ ಚಾನೆಲ್‌ಗೆ ಕೂಗುವವರಿಗೆ ಕಳಿಸುವ ಮೊದಲೇ ‘ಇವರಲ್ಲಿ 14 ಜನ ಈಗ ಮಲಗಿದ್ದಾರೆ’ ಎಂದು ತೋರಿಸಿ. ತಡೆಯಬೇಕಿಲ್ಲ, ತೋರಿಸಿದರೆ ಸಾಕು.

ಹ್ಯಾಂಡಾಫ್

ಕೆಲಸವನ್ನು ಇನ್ನೊಂದು ಊರಿಗೆ ದಾಟಿಸುವ ಟಿಪ್ಪಣಿ ಕೆಡುವುದು ಏಕೆಂದರೆ ಅದನ್ನು ಮನೆಗೆ ಹೊರಡುವ ಕೊನೆಯ ಹತ್ತು ನಿಮಿಷದಲ್ಲಿ ಬರೆಯುತ್ತಾರೆ. ಆದ್ದರಿಂದ ಯಂತ್ರಕ್ಕೆ ಗೊತ್ತಿರುವುದನ್ನೆಲ್ಲ ಯಂತ್ರವೇ ತುಂಬಲಿ: ಬ್ರಾಂಚ್, ಇಂದಿನ ಕಮಿಟ್‌ಗಳು, ತೆರೆದಿರುವ ಮರ್ಜ್ ಕೋರಿಕೆ (ಮುಖ್ಯ ಕೋಡಿಗೆ ಸೇರಿಸಿ ಎಂಬ ಮನವಿ), ಬಿದ್ದ ಟೆಸ್ಟ್‌ಗಳು. ಮನುಷ್ಯರು ಬರೆಯಬೇಕಾದ್ದು ಮೂರೇ ಸಾಲು. ಏನು ಮಾಡಿ ನೋಡಿದೆ, ಆಗಲಿಲ್ಲ. ಮುಂದಿನ ಹೆಜ್ಜೆ ಇದು. ನಿಮ್ಮನ್ನು ಕೇಳದೆ ನಾನೇ ತೀರ್ಮಾನಿಸಿದ್ದು ಇದು. ಇವುಗಳಲ್ಲಿ ಮೊದಲ ಸಾಲೇ ಅತಿ ಬೆಲೆಯುಳ್ಳದ್ದು. ಅದಿಲ್ಲದಿದ್ದರೆ ಬರ್ಲಿನ್‌ನವರು ಬೆಂಗಳೂರಿನ ಮಧ್ಯಾಹ್ನವನ್ನು ಮತ್ತೊಮ್ಮೆ ಕಳೆಯುತ್ತಾರೆ.

ಟಿಪ್ಪಣಿ ಕಳಿಸುವ ಗುಂಡಿ ಒತ್ತಿದಾಗ ಟೂಲ್ ಎರಡು ತಪಾಸಣೆ ಮಾಡಲಿ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಉಳಿದು ಸರ್ವರ್‌ಗೆ ಪುಶ್ ಆಗದ ಕೋಡ್ ಇದೆಯೇ? ಸರ್ವರ್‌ಗೆ ಇದು ತಿಳಿಯದ ಕಾರಣ ಸಣ್ಣದೊಂದು ಗಿಟ್ ಆದೇಶವಾಗಿ ಲ್ಯಾಪ್‌ಟಾಪ್‌ನಲ್ಲೇ ಓಡಬೇಕು. ಎರಡನೆಯದು, ಪಡೆಯುವವರಿಗೆ ಆ ರೆಪೊಸಿಟರಿ (ಕೋಡಿನ ಕಣಜ), ಪರೀಕ್ಷೆಗೆಂದಿರುವ ಸ್ಟೇಜಿಂಗ್ ಸರ್ವರ್, ಲಾಗ್ ಪುಟ ಇವುಗಳ ಅನುಮತಿ ಇದೆಯೇ? ಅನುಮತಿ ಕೊಡಬೇಕಾದವರು ಇನ್ನೊಂದು ಊರಿನಲ್ಲಿ ಮಲಗಿದ್ದರೆ ಐದು ನಿಮಿಷದ ಕೆಲಸಕ್ಕೆ ಒಂದು ದಿನ ಹೋಗುತ್ತದೆ. ನನಗೆ ಕೇಳಿದರೆ, ಇಡೀ ಟೂಲ್‌ನಲ್ಲಿ ಹಾಕಿದ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ತುಂಡು ಈ ಅನುಮತಿ ತಪಾಸಣೆಯೇ.

ಪಡೆದವರು ‘ತೆಗೆದುಕೊಂಡೆ’ ಎಂದು ಒತ್ತಬೇಕು, ಇಲ್ಲವೇ ಪ್ರಶ್ನೆಯೊಡನೆ ಹಿಂದಿರುಗಿಸಬೇಕು. ಅವರ ಕೆಲಸದ ವೇಳೆಯ ಎರಡು ಗಂಟೆಯೊಳಗೆ ಒತ್ತದಿದ್ದರೆ ಕೆಲಸ ಕೊಟ್ಟವರ ಹೆಸರಿನಲ್ಲೇ ಉಳಿಯುತ್ತದೆ. ಬರ್ಲಿನ್‌ಗೆ ಕೊಡುವಾಗ ಐದು ಗಂಟೆಯ ಜೊತೆ ಸಮಯ ಇರುವುದರಿಂದ ಸಂಜೆಗೆ ಕಾಯದೆ ಮಧ್ಯಾಹ್ನ 4ಕ್ಕೇ ದಾಟಿಸಿ. ಪ್ರಶ್ನೆ ಇದ್ದರೆ ಅವತ್ತೇ ಬಗೆಹರಿಯುತ್ತದೆ.

ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವ ಕೋಡ್ ರಿವ್ಯೂನಲ್ಲೂ ಇದೇ ಲೆಕ್ಕ. ಪ್ರತಿ ಟೀಕೆಗೂ ‘ಇದಾಗದೆ ಸೇರಿಸುವಂತಿಲ್ಲ’, ‘ಬೇಕಿದ್ದರೆ ಮಾಡಿ’, ‘ತಿಳಿಯಲು ಕೇಳಿದೆ’ ಎಂಬ ಮೂರರಲ್ಲಿ ಒಂದನ್ನು ಗುರುತಿಸುವುದು ಕಡ್ಡಾಯವಾಗಲಿ. ಮೊದಲ ಬಗೆಯದು ಒಂದೂ ಇಲ್ಲದಿದ್ದರೆ ಅನುಮೋದನೆ ತಾನಾಗಿ ಸಿಗಲಿ, ಬರೆದವರು ಸಣ್ಣಪುಟ್ಟದ್ದನ್ನು ತಿದ್ದಿ ತಾವೇ ಸೇರಿಸಿಕೊಳ್ಳಲಿ. ಪ್ರತಿ ಫೋಲ್ಡರ್‌ಗೂ ಒಂದೇ ಊರಿನಲ್ಲಿ ಕನಿಷ್ಠ ಇಬ್ಬರು ಅನುಮೋದಕರಿರಬೇಕು. ಹಾಗಿಲ್ಲದ ಫೋಲ್ಡರ್‌ಗಳ ಪಟ್ಟಿಯನ್ನು ಟೂಲ್ ಪ್ರತಿ ಸೋಮವಾರ ತೋರಿಸಲಿ.

ತೀರ್ಮಾನಗಳು

ಚಾಟ್‌ನ ಒಂದು ಎಳೆಯಲ್ಲಿ ರಾತ್ರಿ ತೀರ್ಮಾನವಾಗಿ ಬೆಳಿಗ್ಗೆ ಉಳಿದ ಎರಡು ಊರಿಗೆ ತಿಳಿಯದೆ ಹೋಗುವುದು ಬರೀ ಕೆಲಸದ ತೊಂದರೆಯಲ್ಲ, ಅದರಿಂದ ಜನರ ಮನಸ್ಸೂ ಮುರಿಯುತ್ತದೆ. ಎಳೆಯ ಮೇಲೆ ‘ತೀರ್ಮಾನವಾಗಿ ಉಳಿಸು’ ಎಂಬ ಗುಂಡಿ ಇಡಿ. ಅದು ಒಂದು ಪುಟ ತೆರೆಯಲಿ: ಏನು ತೀರ್ಮಾನ, ಯಾರದು, ಬೇರೆ ಯಾವ ದಾರಿಗಳಿದ್ದವು, ಆಕ್ಷೇಪಕ್ಕೆ ಗಡುವು ಯಾವಾಗ. ಗಡುವಿನೊಳಗೆ ಮೂರೂ ಊರಿಗೂ ಒಂದೊಂದು ಪೂರ್ಣ ಕೆಲಸದ ದಿನ ಸಿಗುವಂತೆ ಟೂಲೇ ಲೆಕ್ಕ ಹಾಕಲಿ. ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನ ಯೋಜನೆಗಳಲ್ಲಿ ಮತದಾನಕ್ಕೆ ಸಾಮಾನ್ಯವಾಗಿ 72 ಗಂಟೆ ಬಿಡುವುದು ಇದೇ ಕಾರಣಕ್ಕೆ.

ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಮಾತ್ರ ಇಲ್ಲಿ ನಂಬಬೇಡಿ. ಬೆಂಗಳೂರಿನವರ ‘ನೋಡೋಣ’, ‘ಟ್ರೈ ಮಾಡ್ತೀನಿ’ ಎಷ್ಟೋ ಸಲ ‘ಆಗಲ್ಲ’ ಎಂಬುದರ ಮೆದು ರೂಪ. ಬರ್ಲಿನ್‌ನವರು ಅದನ್ನು ಒಪ್ಪಿಗೆಯೆಂದೇ ಬರೆದುಕೊಂಡುಬಿಡಬಹುದು. ‘ಒಪ್ಪಿದೆ’, ‘ಆಕ್ಷೇಪ ಇದೆ’, ‘ಓದಿದೆ, ಅಭಿಪ್ರಾಯ ಇಲ್ಲ’ ಎಂಬ ಮೂರು ಗುಂಡಿಗಳು ಈ ಮುಜುಗರವನ್ನು ತಪ್ಪಿಸುತ್ತವೆ. ಎಲ್ಲರೆದುರು ‘ಬೇಡ’ ಎಂದು ಬಾಯಿಬಿಟ್ಟು ಹೇಳಲು ಹಿಂಜರಿಯುವವರಿಗೆ ಗುಂಡಿ ಒತ್ತುವುದು ಸುಲಭ.

ದೂರ ಮತ್ತು ಜಾಲ

ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಸಿಯಾಟಲ್ ನೇರವಾಗಿ ಸುಮಾರು 13,000 ಕಿಲೋಮೀಟರ್. ಹೋಗಿಬರಲು ಕನಿಷ್ಠ 130 ಮಿಲಿಸೆಕೆಂಡ್. ಕೇಬಲ್‌ಗಳು ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ 200 ಮೀರುವುದೇ ಸಾಮಾನ್ಯ. ಹೊಸ ಸಂಪರ್ಕಕ್ಕೆ ಸಂಪರ್ಕ ತೆರೆಯುವ ಟಿಸಿಪಿಗೆ ಒಂದು ಸುತ್ತು, ಅದನ್ನು ಗೂಢಲಿಪಿಯಿಂದ ಭದ್ರಪಡಿಸುವ ಟಿಎಲ್‌ಎಸ್ 1.3ಕ್ಕೆ ಒಂದು, ಕೋರಿಕೆಗೆ ಒಂದು, ಒಟ್ಟು ಮೂರು. ಪುಟವೊಂದು ಒಂದರ ನಂತರ ಒಂದರಂತೆ ಆರು ಎಪಿಐ ಕರೆ ಮಾಡಿದರೆ ಎರಡು ಸೆಕೆಂಡು ಹತ್ತಿರವಾಯಿತು. ಸರ್ವರ್ ಪಕ್ಕದಲ್ಲೇ ಕೂತು ಟೂಲ್ ಬರೆದವರಿಗೆ ಇದು ಗೊತ್ತೇ ಆಗುವುದಿಲ್ಲ. ದೂರದ ಜಾಲವನ್ನು ಅಣಕಿಸುವ ಲಿನಕ್ಸ್‌ನ ನೆಟೆಮ್ ಬಳಸಿ 250 ಮಿಲಿಸೆಕೆಂಡ್ ವಿಳಂಬ, ಶೇ. 1 ಪ್ಯಾಕೆಟ್ ನಷ್ಟ ಸೇರಿಸಿಯೇ ದಿನವೂ ಪರೀಕ್ಷಿಸಿ. ಮುಖಪುಟಕ್ಕೆ ಒಂದೇ ಕರೆ. ಬರೆದದ್ದು ಕೂಡಲೇ ಪರದೆಯ ಮೇಲೆ ಕಾಣಲಿ, ಸರ್ವರ್‌ಗೆ ಹಿಂದಿನಿಂದ ಹೋಗಲಿ. ಪ್ರತಿ ಬರಹಕ್ಕೂ ಗುರುತಿನ ಸಂಖ್ಯೆಯನ್ನು ಬ್ರೌಸರೇ ಕೊಟ್ಟರೆ, ಸಂಪರ್ಕ ಕಡಿದು ಮತ್ತೆ ಕಳಿಸಿದಾಗ ಎರಡು ಪ್ರತಿ ಆಗುವುದಿಲ್ಲ.

ಇಬ್ಬರು ಒಟ್ಟಿಗೆ ತಿದ್ದುವ ಟಿಪ್ಪಣಿಗೆ ಸಿಆರ್‌ಡಿಟಿ (ಇಬ್ಬರ ತಿದ್ದುಪಡಿಗಳನ್ನು ತಾನಾಗಿ ಬೆಸೆಯುವ ದತ್ತಾಂಶ ರಚನೆ) ಬಳಸಿ; ಅದನ್ನು ಕೈಯಾರೆ ಬರೆಯಲು ಹೋಗಬೇಡಿ, ವೈಜೆಎಸ್, ಆಟೊಮರ್ಜ್‌ನಂಥ ಲೈಬ್ರರಿಗಳಿವೆ. ಆದರೆ ‘ಈ ಕೆಲಸ ಯಾರದು’, ‘ಮುಗಿದಿದೆಯೇ’ ಎಂಬ ಸ್ಥಿತಿಗೆ ಅದು ಬೇಡ. ಇಬ್ಬರು ಒಂದೇ ಹ್ಯಾಂಡಾಫನ್ನು ತೆಗೆದುಕೊಂಡರೆ ಎರಡನ್ನೂ ಬೆಸೆಯುವಂತಿಲ್ಲ. ಅಲ್ಲಿ ವರ್ಷನ್ ಸಂಖ್ಯೆ ಹೋಲಿಸಿ ಸರ್ವರ್ ಒಬ್ಬರಿಗೆ ಕೊಡಬೇಕು, ಇನ್ನೊಬ್ಬರಿಗೆ ‘ಈಗಾಗಲೇ ತೆಗೆದುಕೊಂಡಿದ್ದಾರೆ’ ಎನ್ನಬೇಕು.

ಬಾಟ್ ಜೋಡಿಸುವಾಗ ಎರಡು ವಿಷಯ. ನಿಮ್ಮ ಚಾಟ್ ಸ್ಲ್ಯಾಕ್ ಆಗಿದ್ದರೆ, ಅದು ತಾನು ಕಳಿಸಿದ ಘಟನೆಗೆ 3 ಸೆಕೆಂಡಿನೊಳಗೆ ಸ್ವೀಕೃತಿ ನಿರೀಕ್ಷಿಸುತ್ತದೆ, ಸಿಗದಿದ್ದರೆ ಮತ್ತೆ ಕಳಿಸುತ್ತದೆ. ಆದ್ದರಿಂದ ಮೊದಲು ಕ್ಯೂಗೆ ಹಾಕಿ ಸ್ವೀಕೃತಿ ಕೊಡಿ, ಕೆಲಸ ಆಮೇಲೆ. ಕೋಡ್ ಇಡುವ ತಾಣ ಗಿಟ್‌ಹಬ್ ಇದಕ್ಕೆ ತದ್ವಿರುದ್ಧ. ಅದರ ವೆಬ್‌ಹುಕ್ (ಏನಾದರೂ ಆದಾಗ ನಿಮ್ಮ ಸರ್ವರ್‌ಗೆ ಹೋಗುವ ಸೂಚನೆ) ಒಮ್ಮೆ ತಲುಪದಿದ್ದರೆ ತಾನಾಗಿ ಮತ್ತೆ ಕಳಿಸುವುದಿಲ್ಲ. ಗಂಟೆಗೊಮ್ಮೆ ಎಪಿಐ ಮೂಲಕ ತಾಳೆ ನೋಡುವ ಕೆಲಸ ಇಲ್ಲದಿದ್ದರೆ ಮುಗಿದ ರಿವ್ಯೂಗಳು ‘ಕಾಯುತ್ತಿವೆ’ ಎಂದೇ ಕೂತಿರುತ್ತವೆ. ಪಟ್ಟಿ ಎರಡು ಸಲ ಸುಳ್ಳು ಹೇಳಿದರೆ ಮೂರನೇ ಸಲ ಯಾರೂ ಅದನ್ನು ತೆರೆಯುವುದಿಲ್ಲ.

ಅಳೆಯುವುದು, ಹೊರಗೆ ಬಿಡುವುದು

ಒಬ್ಬೊಬ್ಬರು ಎಷ್ಟು ಹೊತ್ತಿಗೆ ಉತ್ತರಿಸಿದರು ಎಂಬ ವರದಿ ಮಾಡಬೇಡಿ. ಅದು ಸರಿಯಲ್ಲ ಎಂಬುದು ಒಂದು ಕಾರಣ. ಕಾನೂನಿನ ಕಾರಣವೂ ಇದೆ: ಉದ್ಯೋಗಿಗಳ ನಡವಳಿಕೆ ಅಥವಾ ದಕ್ಷತೆಯನ್ನು ಗಮನಿಸಬಲ್ಲ ತಾಂತ್ರಿಕ ಸಾಧನ ತರುವಾಗ ಜರ್ಮನಿಯ ಕಾರ್ಮಿಕ ಮಂಡಳಿಗೆ, ಅಂದರೆ ಬೆಟ್ರೀಬ್ಸ್‌ರಾಟ್‌ಗೆ, ಅಲ್ಲಿನ ಕಾರ್ಮಿಕ ಮಂಡಳಿ ಕಾಯ್ದೆಯ ಕಲಂ 87ರಡಿ ಸಹನಿರ್ಣಯದ ಹಕ್ಕಿದೆ. ನಿಮ್ಮ ಬರ್ಲಿನ್ ಕಚೇರಿಯಲ್ಲಿ ಅಂಥ ಮಂಡಳಿ ಇದ್ದರೆ ಮೊದಲ ವಾರವೇ ಅವರ ಜೊತೆ ಕೂತು ಮಾತಾಡಿ. ಅಂಕಿಗಳನ್ನು ಊರಿನ ಜೋಡಿಗೆ ಮಾತ್ರ ಕೂಡಿಸಿ ಇಡಿ: ಬೆಂಗಳೂರಿನಿಂದ ಸಿಯಾಟಲ್‌ಗೆ ಹೋದ ಪ್ರಶ್ನೆಗಳಲ್ಲಿ ಒಂದೇ ಸುತ್ತಿಗೆ ಮುಗಿದವೆಷ್ಟು, ಮರುಪ್ರಶ್ನೆಯಿಲ್ಲದೆ ಸ್ವೀಕಾರವಾದ ಹ್ಯಾಂಡಾಫ್ ಎಷ್ಟು, ಸಂಜೆ 7ರಿಂದ ಬೆಳಿಗ್ಗೆ 8ರ ನಡುವೆ ಯಾವ ಊರಿನವರು ಎಷ್ಟು ನಿಮಿಷ ಮೀಟಿಂಗ್‌ನಲ್ಲಿ ಕೂತರು. ಕೊನೆಯ ಅಂಕಿಯನ್ನು ಮೂರೂ ಊರಿನವರು ನೋಡುವಂತಿರಲಿ, ತಡರಾತ್ರಿಯ ಸರದಿ ಹಂಚಿಕೊಳ್ಳುವ ಮಾತು ಅದರಿಂದಲೇ ಶುರುವಾಗುತ್ತದೆ.

ಕೋಡ್ ಬರೆಯುವ ಮೊದಲು ಹಳೆಯ 50 ಟಿಕೆಟ್ ತೆಗೆದು, ಪ್ರತಿಯೊಂದೂ ಊರಿನಿಂದ ಊರಿಗೆ ಎಷ್ಟು ಸುತ್ತು ಹೋಗಿಬಂತು ಎಂದು ಕೈಯಾರೆ ಎಣಿಸಿಡಿ. ಅದೇ ನಿಮ್ಮ ಹೋಲಿಕೆಯ ಅಳತೆ. ಮೊದಲ ಎರಡು ವಾರ ಪ್ರೊಫೈಲ್, ಟೈಮ್‌ಝೋನ್, ರಜೆ. ಮೂರರಿಂದ ಆರನೇ ವಾರ ಕಾಯುವ ಪಟ್ಟಿ ಮತ್ತು ಬೆಳಗಿನ ಪಟ್ಟಿ. ಏಳರಿಂದ ಹತ್ತು ಹ್ಯಾಂಡಾಫ್. ತೀರ್ಮಾನದ ಪುಟ ಕೊನೆಗೆ. ಅದನ್ನು ಅಲ್ಲಿಯವರೆಗೆ ಮಾಮೂಲಿ ಡಾಕ್ಯುಮೆಂಟ್‌ನಲ್ಲೇ ನಡೆಸಬಹುದು. ಪ್ರಯೋಗವನ್ನು ಬೆಂಗಳೂರು–ಬರ್ಲಿನ್ ನಡುವೆ ಶುರು ಮಾಡುವ ಆಸೆಯಾಗುತ್ತದೆ, ಮಾಡಬೇಡಿ. ಐದು ಗಂಟೆ ಜೊತೆಗಿರುವವರು ಟೂಲ್ ಕೆಟ್ಟದ್ದಾಗಿದ್ದರೂ ಫೋನ್ ಮಾಡಿ ನಿಭಾಯಿಸುತ್ತಾರೆ. ಸಿಯಾಟಲ್‌ನ ಇಬ್ಬರು, ಬೆಂಗಳೂರಿನ ನಾಲ್ವರು ಸೇರಿ ಒಂದು ನಿಜವಾದ ಮಾಡ್ಯೂಲ್ ಮೇಲೆ ಶುರು ಮಾಡಲಿ.

ಹನ್ನೆರಡನೇ ವಾರದಲ್ಲಿ, ಅತಿ ಹೆಚ್ಚು ಕಾದ ಹತ್ತು ಪ್ರಶ್ನೆಗಳನ್ನು ತೆಗೆದು ಒಟ್ಟಿಗೆ ಕೂತು ನೋಡಿ. ಅವುಗಳಲ್ಲಿ ಆರೇಳು ಒಂದೇ ಮಾಡ್ಯೂಲ್‌ಗೆ, ಒಬ್ಬರೇ ವ್ಯಕ್ತಿಗೆ ಹೋಗಿದ್ದರೆ ಅಲ್ಲಿ ಟೂಲ್‌ನಿಂದ ಇನ್ನೇನೂ ಆಗದು. ವ್ಯವಸ್ಥೆಯ ವಿನ್ಯಾಸ ಅದನ್ನು ಕಟ್ಟುವ ಸಂಸ್ಥೆಯ ಸಂವಹನದ ಆಕಾರವನ್ನೇ ಪಡೆಯುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಆ ಮಾಡ್ಯೂಲನ್ನು ಪ್ರಶ್ನೆಗಳು ಹೆಚ್ಚು ಹುಟ್ಟುವ ಊರಿಗೆ ದಾಟಿಸಿ, ಈಗ ಅದನ್ನು ನೋಡಿಕೊಳ್ಳುತ್ತಿರುವವರು ಆರು ವಾರ ಅಲ್ಲಿನ ಇಬ್ಬರೊಡನೆ ಸೇರಿ ಕೆಲಸ ಮಾಡಲಿ. ಆ ಆರು ವಾರದ ಒಪ್ಪಿಗೆಯನ್ನು ಮ್ಯಾನೇಜರ್‌ಗಳಿಂದ ಈಗಲೇ ಪಡೆದಿಟ್ಟುಕೊಳ್ಳಿ.